ಕ್ಯಾಲಿಫೋರ್ನಿಯಾನಾ, ಟೆಕ್ಸಾಸಾ, ನ್ಯೂಯಾರ್ಕಾ? ರೆಸ್ಪಿರೇಟರಿ ಥೆರಪಿಸ್ಟ್ ಲೈಸೆನ್ಸ್ ಎಲ್ಲಿ ಮಾಡಿಸುವುದು

ಹೋದ ವಾರ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಅವಳ ರೆಸ್ಪಿರೇಟರಿ ಕೋರ್ಸ್ ಮುಗಿಯಲು ಇನ್ನು ಎರಡೇ ತಿಂಗಳು. ಗಂಡನಿಗೆ ಡಲ್ಲಾಸಿನಲ್ಲಿ ಒಂದು ಕೆಲಸ ಸಿಕ್ಕಿದೆ, ಸ್ಯಾನ್ ಹೋಸೆಯಲ್ಲಿ ಇನ್ನೊಂದು ಸಿಗುವ ಹಾಗಿದೆ. "ಅಕ್ಕಾ, ಲೈಸೆನ್ಸ್ ಫೀ ಯಾವ ರಾಜ್ಯದಲ್ಲಿ ಕಮ್ಮಿ?" ಅಂತ ಕೇಳಿದಳು. ನನಗೆ ನಗು ಬಂತು. ಹತ್ತು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಕೇಳಿದ್ದೆ. ಉತ್ತರ ಸಿಕ್ಕಿತ್ತು ಕೂಡ. ಆದರೆ ಪ್ರಶ್ನೆಯೇ ತಪ್ಪು ಅಂತ ಗೊತ್ತಾಗಲು ಎರಡು ರಿನ್ಯೂವಲ್ ಬೇಕಾಯಿತು.

ಅವಳಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಅಮೆರಿಕದಲ್ಲಿ ಈ ಕೋರ್ಸ್ ಓದುತ್ತಿರುವವರು, ಊರಲ್ಲಿ ಈಗಾಗಲೇ ಓದಿ ಇಲ್ಲಿಗೆ ಬರಬೇಕು ಅಂದುಕೊಂಡವರು, ಒಂದು ರಾಜ್ಯದಿಂದ ಇನ್ನೊಂದಕ್ಕೆ ಗಂಟುಮೂಟೆ ಕಟ್ಟುತ್ತಿರುವವರು, ಮೂರೂ ಜನಕ್ಕೆ ಉಪಯೋಗ ಆಗಬಹುದು.

ಮೊದಲು ಕೆಲಸ ಏನು ಅಂತ ಒಂದು ಮಾತು, ಯಾಕೆಂದರೆ ನಮ್ಮಮ್ಮ ಈಗಲೂ ಊರಲ್ಲಿ "ಮಗಳು ಆಕ್ಸಿಜನ್ ಕೊಡ್ತಾಳೆ" ಅಂತಲೇ ಹೇಳೋದು. ತಪ್ಪೇನಲ್ಲ. ವೆಂಟಿಲೇಟರ್ ನೋಡಿಕೊಳ್ಳುವುದು, ಮಣಿಕಟ್ಟಿನ ರಕ್ತನಾಳದಿಂದ ರಕ್ತ ತೆಗೆದು ಅದರಲ್ಲಿ ಆಮ್ಲಜನಕ ಎಷ್ಟಿದೆ ನೋಡುವುದು, ನೆಬ್ಯುಲೈಜರ್, ಟ್ರೆಕಿಯಾಸ್ಟಮಿ (ಉಸಿರಾಡಲು ಕತ್ತಿನಲ್ಲಿ ಮಾಡುವ ತೂತು), ಹುಟ್ಟಿದ ಕೂಡಲೇ ಉಸಿರಾಡಲು ಒದ್ದಾಡುವ ಕೂಸುಗಳು. ರಾತ್ರಿ ಮೂರು ಗಂಟೆಗೆ ಐಸಿಯುನಲ್ಲಿ ಅಲಾರಂ ಹೊಡೆದುಕೊಂಡರೆ ಓಡುವವರು ನಾವು. ಕೆಲಸ ಎಲ್ಲ ಕಡೆ ಒಂದೇ. ಕಾಗದ ಮಾತ್ರ ರಾಜ್ಯಕ್ಕೊಂದು ಥರ.

ಲೈಸೆನ್ಸ್ ಬೇರೆ, ಪರೀಕ್ಷೆ ಬೇರೆ

ಹೊಸಬರು ಎಡವುವುದು ಇಲ್ಲೇ. ಎನ್‌ಬಿಆರ್‌ಸಿ ಅಂತ ಒಂದು ರಾಷ್ಟ್ರೀಯ ಮಂಡಳಿ ಇದೆ. ಪರೀಕ್ಷೆ ಮಾಡುವುದು ಅದು. ಲೈಸೆನ್ಸ್ ಕೊಡುವುದು ರಾಜ್ಯ. ಒಂದು ಕೈಗೆ ಬಂದರೆ ಇನ್ನೊಂದೂ ಬಂದ ಹಾಗಲ್ಲ. ಎಸ್ಸೆಸ್ಸೆಲ್ಸಿ ಪಾಸಾದ ಮಾತ್ರಕ್ಕೆ ಕಾಲೇಜಿನಲ್ಲಿ ಸೀಟು ಸಿಗುತ್ತದಾ? ಹಾಗೆ.

ಪರೀಕ್ಷೆ ಎರಡು. ಮೊದಲನೆಯದು ಟಿಎಂಸಿ. ಮೂರು ಗಂಟೆ, 160 ಪ್ರಶ್ನೆ. ಅದರಲ್ಲಿ ಅಂಕಕ್ಕೆ ಲೆಕ್ಕ ಹಾಕುವುದು 140 ಮಾತ್ರ. ಇದಕ್ಕೆ ಎರಡು ಗೆರೆ ಇದೆ. ಕೆಳಗಿನ ಗೆರೆ ದಾಟಿದರೆ ಸಿಆರ್‌ಟಿ ಅನ್ನುವ ಮೊದಲ ಹಂತದ ಸರ್ಟಿಫಿಕೇಟ್. ಮೇಲಿನ ಗೆರೆ ದಾಟಿದರೆ ಎರಡನೆಯ ಪರೀಕ್ಷೆ ಸಿಎಸ್‌ಇ ಬರೆಯಬಹುದು. ಅದು ನಾಲ್ಕು ಗಂಟೆ, 22 ರೋಗಿಗಳ ಕತೆ. ಪರದೆಯ ಮೇಲೆ ಒಬ್ಬ ರೋಗಿ ಬರುತ್ತಾನೆ, ಏನು ಕೇಳುತ್ತೀರಿ, ಯಾವ ಟೆಸ್ಟ್ ಮಾಡಿಸುತ್ತೀರಿ, ಆಮೇಲೆ ಏನು ಮಾಡುತ್ತೀರಿ ಅಂತ ಒಂದೊಂದೇ ಹೆಜ್ಜೆ. ಬೇಡದ ಟೆಸ್ಟ್ ಬರೆದರೂ ಅಂಕ ಹೋಗುತ್ತದೆ. ಅದೂ ಪಾಸಾದರೆ ಆರ್‌ಆರ್‌ಟಿ, ಅಂದರೆ ಮೇಲಿನ ಹಂತದ ಸರ್ಟಿಫಿಕೇಟ್.

ಈ ಸಿಆರ್‌ಟಿ, ಆರ್‌ಆರ್‌ಟಿ ವ್ಯತ್ಯಾಸವೇ ರಾಜ್ಯ ಆರಿಸುವಾಗ ಎಲ್ಲಕ್ಕಿಂತ ದೊಡ್ಡದು. ಫೀ ಅಲ್ಲ.

ಇನ್ನೊಂದು. ಕೋರ್ಸ್ ಮುಗಿದ 3 ವರ್ಷದೊಳಗೆ ಆರ್‌ಆರ್‌ಟಿ ಮುಗಿಸಿಕೊಳ್ಳಬೇಕು, ಇಲ್ಲದಿದ್ದರೆ ಮತ್ತೆ ಪರೀಕ್ಷೆಗಳನ್ನು ಮೊದಲಿನಿಂದ ಬರೆದು ಅರ್ಹತೆ ಗಳಿಸಬೇಕಾಗುತ್ತದೆ. "ಮಗು ಸ್ವಲ್ಪ ದೊಡ್ಡದಾಗಲಿ, ಆಮೇಲೆ ಬರೀತೀನಿ" ಅಂತ ಮುಂದೂಡಿದವರನ್ನು ನೋಡಿದ್ದೇನೆ. ಮಗು ದೊಡ್ಡದಾಯಿತು, ಪರೀಕ್ಷೆ ಹಾಗೇ ಉಳಿಯಿತು.

ಊರಲ್ಲಿ ಓದಿ ಬರುವವರು ಇದನ್ನು ಮೊದಲು ಓದಿ

ಮಣಿಪಾಲದಲ್ಲಿ ರೆಸ್ಪಿರೇಟರಿ ಥೆರಪಿ ಪದವಿ ಇದೆ. ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಕೆಳಗಿನ ಕಾಲೇಜುಗಳಲ್ಲಿ ಬಿಎಸ್ಸಿ ರೆಸ್ಪಿರೇಟರಿ ಕೇರ್ ಟೆಕ್ನಾಲಜಿ ಇದೆ. ಒಳ್ಳೆಯ ಓದು, ಅನುಮಾನ ಬೇಡ. ನನಗಿಂತ ಚೆನ್ನಾಗಿ ವೆಂಟಿಲೇಟರ್ ಗ್ರಾಫ್ ಓದುವ ಹುಡುಗರನ್ನು ಮಂಗಳೂರು ಕಡೆಯಿಂದ ಬಂದವರಲ್ಲಿ ನೋಡಿದ್ದೇನೆ. ಆದರೆ ಎನ್‌ಬಿಆರ್‌ಸಿ ಕೇಳುವುದು ಕೋಆರ್ಕ್ ಅನ್ನುವ ಸಂಸ್ಥೆಯ ಮಾನ್ಯತೆ ಇರುವ ಕೋರ್ಸನ್ನು. ಆ ಮಾನ್ಯತೆ ನಿಮ್ಮ ಕಾಲೇಜಿಗೆ ಇಲ್ಲದಿದ್ದರೆ ಸಾಮಾನ್ಯವಾಗಿ ಇಲ್ಲಿಗೆ ಬಂದು ಮತ್ತೆ ಓದಬೇಕು. ಯಾವ ರಾಜ್ಯ ಆರಿಸಿಕೊಂಡರೂ ಇದು ತಪ್ಪುವುದಿಲ್ಲ, ಯಾಕೆಂದರೆ ಎಲ್ಲ ರಾಜ್ಯಗಳೂ ಕೊನೆಗೆ ಕೈ ತೋರಿಸುವುದು ಎನ್‌ಬಿಆರ್‌ಸಿ ಕಡೆಗೇ. ಕಮ್ಯೂನಿಟಿ ಕಾಲೇಜಿನಲ್ಲಿ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಸಾಕು. ಊರಿನ ಅಂಗರಚನೆ, ರಸಾಯನಶಾಸ್ತ್ರದ ಅಂಕಗಳನ್ನು ಕೆಲವು ಕಾಲೇಜು ಒಪ್ಪಿಕೊಳ್ಳುತ್ತವೆ, ಕೆಲವು ಒಪ್ಪುವುದಿಲ್ಲ. ಸೇರುವ ಮೊದಲೇ ಕೇಳಿ, ಬರೆಸಿಕೊಳ್ಳಿ.

ಹಾಗಾಗಿ ಊರಿನ ಏಜೆಂಟ್ ಯಾರಾದರೂ "ಇಂಥ ರಾಜ್ಯದಲ್ಲಿ ಡೈರೆಕ್ಟಾಗಿ ಲೈಸೆನ್ಸ್ ಮಾಡಿಸಿಕೊಡ್ತೀವಿ" ಅಂದರೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಗಲ್ಫ್ ಬೇರೆ ಲೆಕ್ಕ. ಉಡುಪಿ, ಮಂಗಳೂರಿನವರಿಗೆ ಗೊತ್ತೇ ಇರುತ್ತದೆ. ಅಲ್ಲಿ ಡೇಟಾಫ್ಲೋ ಮೂಲಕ ನಿಮ್ಮ ಡಿಗ್ರಿ, ಅನುಭವವನ್ನು ಪರಿಶೀಲಿಸುತ್ತಾರೆ, ಆಮೇಲೆ ಕಂಪ್ಯೂಟರ್ ಪರೀಕ್ಷೆ. ಊರಿನ ಡಿಗ್ರಿಗೇ ಬೆಲೆ ಇದೆ. ಬೇಗ ದುಡಿಮೆ ಶುರುವಾಗಬೇಕು ಅನ್ನುವವರಿಗೆ ಅಮೆರಿಕಕ್ಕಿಂತ ಅದೇ ಹತ್ತಿರದ ದಾರಿ, ನನ್ನ ಪ್ರಕಾರ. ಭಾರತದಲ್ಲೂ 2021ರ ಕಾನೂನು ಬಂದ ಮೇಲೆ ನಮ್ಮಂಥವರನ್ನು ನೋಂದಣಿ ಮಾಡಲು ರಾಷ್ಟ್ರೀಯ ಆಯೋಗ, ರಾಜ್ಯ ಮಂಡಳಿ ಅಂತ ವ್ಯವಸ್ಥೆ ಆಗಿದೆ. ನೋಂದಣಿ ಮಾಡಿಸಿಕೊಂಡೇ ಹೊರಡಿ. ನಾಳೆ ಯಾವ ದೇಶ ಯಾವ ಕಾಗದ ಕೇಳುತ್ತದೋ ಯಾರಿಗೆ ಗೊತ್ತು.

ಈಗ ರಾಜ್ಯಗಳಿಗೆ ಬರೋಣ

50 ರಾಜ್ಯಗಳಲ್ಲಿ 49ರಲ್ಲಿ ಲೈಸೆನ್ಸ್ ಬೇಕು. ಬೇಡದಿರುವುದು ಅಲಾಸ್ಕಾ ಒಂದೇ. ಅಲ್ಲಿ ಆಸ್ಪತ್ರೆಯವರು ಎನ್‌ಬಿಆರ್‌ಸಿ ಸರ್ಟಿಫಿಕೇಟ್ ನೋಡಿ ಕೆಲಸ ಕೊಡುತ್ತಾರೆ. ಆಹಾ ಎಷ್ಟು ಸುಲಭ ಅನ್ನಬೇಡಿ, ಅಲ್ಲಿಂದ ಮುಂದೆ ಬೇರೆ ಕಡೆ ಹೋಗುವಾಗ ತೋರಿಸಲು ನಿಮ್ಮ ಕೈಯಲ್ಲಿ ಯಾವ ರಾಜ್ಯದ ಲೈಸೆನ್ಸೂ ಇರುವುದಿಲ್ಲ, ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕು.

ಕ್ಯಾಲಿಫೋರ್ನಿಯಾ ನಾನಿರುವ ರಾಜ್ಯ, ಹಾಗಾಗಿ ಇದರ ಬಗ್ಗೆ ಜಾಸ್ತಿ ಬರೆಯುತ್ತೇನೆ, ಬೇಜಾರಾದರೆ ಟೆಕ್ಸಾಸಿಗೆ ಹಾರಿ. ಇಲ್ಲಿ ನಮ್ಮ ಕೆಲಸಕ್ಕೇ ಒಂದು ಪ್ರತ್ಯೇಕ ಮಂಡಳಿ ಇದೆ, ರೆಸ್ಪಿರೇಟರಿ ಕೇರ್ ಬೋರ್ಡ್. 2015ರ ಜನವರಿಯಿಂದ ಹೊಸಬರಿಗೆ ಸಿಆರ್‌ಟಿ ಸಾಲದು, ಆರ್‌ಆರ್‌ಟಿ ಬೇಕು. ಅಂದರೆ ಎರಡೂ ಪರೀಕ್ಷೆ ಪಾಸಾಗದೆ ಪೂರ್ತಿ ಲೈಸೆನ್ಸ್ ಇಲ್ಲ. ಅರ್ಜಿ ಫೀ 300 ಡಾಲರ್. ಬೆರಳಚ್ಚಿಗೆ ರಾಜ್ಯಕ್ಕೆ 32, ಎಫ್‌ಬಿಐಗೆ 17, ಒಟ್ಟು 49 ಡಾಲರ್. ಬೆರಳಚ್ಚು ತೆಗೆಯುವ ಅಂಗಡಿಯವನ ಕೂಲಿ ಬೇರೆ, ಅದು ಅಂಗಡಿಗೊಂದು ರೇಟು. ಅದರ ಜತೆಗೆ ಬೋರ್ಡ್ ಒಪ್ಪಿದ ಕಾನೂನು ಮತ್ತು ನೀತಿಯ ಒಂದು ಕೋರ್ಸ್.

ಈ ಬೆರಳಚ್ಚಿನ ಕತೆ ಹೇಳಲೇಬೇಕು. ನಾನು ಹೋದ ಅಂಗಡಿ ಒಂದು ಕೊರಿಯರ್ ಆಫೀಸಿನ ಮೂಲೆ. ಅವನು ನನ್ನ ಹೆಬ್ಬೆರಳನ್ನು ಗಾಜಿನ ಮೇಲೆ ಹೊರಳಿಸುತ್ತಾನೆ, ಮಷೀನು ಕೆಂಪು ದೀಪ ತೋರಿಸುತ್ತದೆ. ಮತ್ತೆ ಹೊರಳಿಸುತ್ತಾನೆ, ಮತ್ತೆ ಕೆಂಪು. "ನರ್ಸಾ?" ಅಂತ ಕೇಳಿದ. ದಿನಕ್ಕೆ ಅರವತ್ತು ಸಲ ಸ್ಯಾನಿಟೈಜರ್ ಹಚ್ಚಿದ ಬೆರಳಿನ ಗೆರೆ ಸವೆದಿರುತ್ತದಂತೆ. ಕ್ಲಿನಿಕಲ್ ಪೋಸ್ಟಿಂಗ್ ಮುಗಿಸಿ ನೇರ ಅಲ್ಲಿಗೇ ಹೋಗಿದ್ದೆ ಬೇರೆ. ಡ್ರಾಯರಿನಿಂದ ಒಂದು ಲೋಷನ್ ಬಾಟಲಿ ತೆಗೆದು ಕೊಟ್ಟ, ಐದು ನಿಮಿಷ ಉಜ್ಜಿಕೊಂಡು ಕೂತೆ, ಆಮೇಲೆ ಹತ್ತೂ ಬೆರಳು ಬಂತು. ನೀವು ಹೋಗುವ ಹಿಂದಿನ ಎರಡು ದಿನ ರಾತ್ರಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿ. ಬೇರೆ ರಾಜ್ಯದಲ್ಲಿದ್ದುಕೊಂಡು ಕ್ಯಾಲಿಫೋರ್ನಿಯಾಗೆ ಅರ್ಜಿ ಹಾಕುವವರು ಮಸಿ ಹಚ್ಚಿ ಕಾರ್ಡಿನ ಮೇಲೆ ಬೆರಳೊತ್ತಿ ಅಂಚೆಯಲ್ಲಿ ಕಳಿಸಬೇಕು. ಅದು ಇದಕ್ಕಿಂತ ನಿಧಾನ. ಕ್ಯಾಲಿಫೋರ್ನಿಯಾಗೆ ಹೇಗೂ ಒಂದು ಸಲ ಬರುವುದಿದ್ದರೆ ಬಂದಾಗಲೇ ಇಲ್ಲಿ ಮಾಡಿಸಿಬಿಡಿ.

ರಿನ್ಯೂವಲ್ ಎರಡು ವರ್ಷಕ್ಕೊಮ್ಮೆ, ನೀವು ಹುಟ್ಟಿದ ತಿಂಗಳ ಕೊನೆಯ ದಿನ. ಮೊದಲ ಲೈಸೆನ್ಸ್ ಪೂರ್ತಿ ಎರಡು ವರ್ಷ ಬರಬೇಕು ಅಂತೇನಿಲ್ಲ, ಹುಟ್ಟಿದ ತಿಂಗಳಿಗೆ ಹೊಂದಿಸುವಾಗ ಕಮ್ಮಿ ಆಗಬಹುದು. ರಿನ್ಯೂವಲ್ ಫೀ 330 ಡಾಲರಿಗಿಂತ ಜಾಸ್ತಿ ಮಾಡುವಂತಿಲ್ಲ ಅಂತ ಕಾನೂನೇ ಗೆರೆ ಎಳೆದಿದೆ. ಎರಡು ವರ್ಷದಲ್ಲಿ 30 ಗಂಟೆ ಮುಂದುವರಿದ ಕಲಿಕೆ ಬೇಕು. ನಾವೆಲ್ಲ ಇದಕ್ಕೆ ಸುಮ್ನೆ ಸಿಇ ಅನ್ನುವುದು.

ತಡ ಮಾಡಿದರೆ? ಎರಡು ವರ್ಷದೊಳಗಿನ ತಡಕ್ಕೆ ರಿನ್ಯೂವಲ್ ಫೀಯಷ್ಟೇ ದಂಡ, ಅಂದರೆ ಒಟ್ಟು ಎರಡರಷ್ಟು. ಎರಡರಿಂದ ಮೂರು ವರ್ಷದ ತಡಕ್ಕೆ ದಂಡವೇ ಫೀಯ ಎರಡರಷ್ಟು. ಮೂರು ವರ್ಷ ದಾಟಿದರೆ ರಿನ್ಯೂ ಮಾಡಿಸುವ ದಾರಿಯೇ ಮುಚ್ಚುತ್ತದೆ, ಹೊಸದಾಗಿ ಅರ್ಜಿ. ಹೆರಿಗೆ, ಊರಲ್ಲಿ ಅಪ್ಪ ಅಮ್ಮನ ಆರೈಕೆ ಅಂತ ಎರಡು ಮೂರು ವರ್ಷ ಕೆಲಸ ಬಿಡುವವರು ನಮ್ಮಲ್ಲಿ ಜಾಸ್ತಿ ಅಲ್ವಾ, ಅವರು ಈ ಲೆಕ್ಕವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ.

ನಾನು ಕಳೆದುಕೊಂಡಿದ್ದು ಮೂರು ವರ್ಷವಲ್ಲ, ಎರಡೇ ದಿನ. ಮನೆ ಬದಲಿಸಿದ್ದೆ, ಬೋರ್ಡಿಗೆ ಹೊಸ ವಿಳಾಸ ತಿಳಿಸಿರಲಿಲ್ಲ, ಕಾಗದ ಹಳೆ ಮನೆಗೆ ಹೋಯಿತು. ಒಂದನೇ ತಾರೀಖು ಬೆಳಿಗ್ಗೆ ಡ್ಯೂಟಿಗೆ ಹೋದರೆ ಮ್ಯಾನೇಜರ್ ಕಂಪ್ಯೂಟರ್ ತಿರುಗಿಸಿ ತೋರಿಸಿದರು, ನನ್ನ ಹೆಸರಿನ ಮುಂದೆ ಅವಧಿ ಮುಗಿದಿದೆ ಅಂತ. ಬ್ಯಾಡ್ಜ್ ತೆಗೆದಿಟ್ಟು ಮನೆಗೆ ಬಂದೆ. ಲೈಸೆನ್ಸ್ ಇಲ್ಲದೆ ರೋಗಿಯ ಹತ್ತಿರ ಹೋದರೆ ಅದು ಕಾನೂನು ಮೀರಿದ ಹಾಗೆ, ಆಸ್ಪತ್ರೆಯವರ ತಪ್ಪೇನಿಲ್ಲ. ಎರಡು ಶಿಫ್ಟ್ ಹೋಯಿತು. ಫೀಯಲ್ಲಿ ಉಳಿಸೋಣ ಅಂತ ಲೆಕ್ಕ ಹಾಕಿದ್ದೆಲ್ಲ ಆ ಎರಡು ಶಿಫ್ಟಿನಲ್ಲಿ ಕೊಚ್ಚಿಕೊಂಡು ಹೋಯಿತು.

ಟೆಕ್ಸಾಸ್. ಇಲ್ಲಿ ಪ್ರತ್ಯೇಕ ಕಚೇರಿ ಇಲ್ಲ. 2015ರಲ್ಲಿ ಆದ ಕಾನೂನಿನಿಂದ ನಮ್ಮವರ ಉಸ್ತುವಾರಿ ಆರೋಗ್ಯ ಇಲಾಖೆಯಿಂದ ಮೆಡಿಕಲ್ ಬೋರ್ಡ್ ಕೈಗೆ ಬಂತು. ಡಾಕ್ಟರುಗಳಿಗೆ ಲೈಸೆನ್ಸ್ ಕೊಡುವವರೇ ನಮಗೂ ಕೊಡುತ್ತಾರೆ. ಸಿಆರ್‌ಟಿ ಇದ್ದರೂ ಲೈಸೆನ್ಸ್ ಸಿಗುತ್ತದೆ. ಇದೇ ದೊಡ್ಡ ವ್ಯತ್ಯಾಸ. ರಿನ್ಯೂವಲ್ ಇಲ್ಲೂ ಎರಡು ವರ್ಷಕ್ಕೆ, ಸಿಇ 24 ಗಂಟೆ. ಅದರಲ್ಲಿ 2 ಗಂಟೆ ವೃತ್ತಿನೀತಿ. ಮಾನವ ಕಳ್ಳಸಾಗಣೆಗೆ ಸಿಕ್ಕವರನ್ನು ಗುರುತಿಸುವುದು ಹೇಗೆ ಅಂತ ಒಂದು ತರಬೇತಿಯೂ ಕಡ್ಡಾಯ, ಅದೂ ರಾಜ್ಯ ಒಪ್ಪಿದ ಕೋರ್ಸೇ ಆಗಬೇಕು. ಎಲ್ಲೋ ಒಂದು ವಿಡಿಯೊ ನೋಡಿ ಬಂದ ಸರ್ಟಿಫಿಕೇಟ್ ನಡೆಯುವುದಿಲ್ಲ.

ಫ್ಲೋರಿಡಾದಲ್ಲೂ ಸಿಆರ್‌ಟಿ ನಡೆಯುತ್ತದೆ, 24 ಗಂಟೆ ಸಿಇ. ಇಲ್ಲಿ ನನಗೆ ಇಷ್ಟವಾಗುವುದೂ ಕಷ್ಟವಾಗುವುದೂ ಒಂದೇ ವಿಷಯ. ರಾಜ್ಯದ ಎಲ್ಲರ ಲೈಸೆನ್ಸೂ ಒಂದೇ ದಿನ ಮುಗಿಯುತ್ತದೆ, ಬೆಸ ವರ್ಷದ ಮೇ 31. ಮರೆಯುವುದು ಕಷ್ಟ, ಯಾಕೆಂದರೆ ಏಪ್ರಿಲ್ ತಿಂಗಳಿಡೀ ಬ್ರೇಕ್ ರೂಮಿನಲ್ಲಿ ಅದೇ ಮಾತು. ಆದರೆ ಸಿಇ ಗಂಟೆಗಳು ಸಿಇ ಬ್ರೋಕರ್ ಅನ್ನುವ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಕಾಣಬೇಕು, ಕಾಣದಿದ್ದರೆ ರಿನ್ಯೂವಲ್ ಮುಂದೆ ಹೋಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮಾಡಿದ್ದೇವೆ ಅಂತ ನಾವೇ ಹೇಳಿ ಸಹಿ ಹಾಕುತ್ತೇವೆ, ಆಮೇಲೆ ಅವರು ಅಲ್ಲೊಬ್ಬರು ಇಲ್ಲೊಬ್ಬರನ್ನು ಹಿಡಿದು ಸರ್ಟಿಫಿಕೇಟ್ ತೋರಿಸಿ ಅನ್ನುತ್ತಾರೆ. ಫ್ಲೋರಿಡಾದ ದಾರಿ ಕಟ್ಟುನಿಟ್ಟು, ನಮ್ಮ ದಾರಿಯಲ್ಲಿ ಎದೆ ಢವಢವ. ಫ್ಲೋರಿಡಾದ 24ರಲ್ಲಿ 2 ಗಂಟೆ ವೈದ್ಯಕೀಯ ತಪ್ಪುಗಳನ್ನು ತಡೆಯುವ ಬಗ್ಗೆ ಇರಬೇಕು. ಮೇ 31 ಹತ್ತಿರ ಇರುವಾಗ ಅರ್ಜಿ ಹಾಕುವವರು ಮಾತ್ರ ಒಂದು ಫೋನ್ ಮಾಡಿ, ಈಗ ಕೊಟ್ಟರೆ ನನ್ನ ಲೈಸೆನ್ಸ್ ಯಾವ ಮೇವರೆಗೆ ಅಂತ ಕೇಳಿಕೊಂಡೇ ದುಡ್ಡು ಕಟ್ಟಿ.

ನ್ಯೂಯಾರ್ಕ್ ಪೂರ್ತಿ ಬೇರೆ ದಾರಿ. ಅಲ್ಲಿ ಲೈಸೆನ್ಸ್ ಕೊಡುವುದು ಶಿಕ್ಷಣ ಇಲಾಖೆ. ಹೌದು, ಶಾಲೆ ಕಾಲೇಜು ನೋಡಿಕೊಳ್ಳುವ ಇಲಾಖೆಯೇ. ಲೈಸೆನ್ಸಿನಲ್ಲಿ ಎರಡು ಮೆಟ್ಟಿಲು. ಥೆರಪಿಸ್ಟ್ ಒಂದು, ಅದಕ್ಕೆ ಎರಡೂ ಪರೀಕ್ಷೆ. ಟೆಕ್ನಿಷಿಯನ್ ಇನ್ನೊಂದು, ಅದಕ್ಕೆ ಮೊದಲ ಪರೀಕ್ಷೆ ಸಾಕು. ಒಮ್ಮೆ ಲೈಸೆನ್ಸ್ ಸಿಕ್ಕಿದರೆ ಜೀವಮಾನಕ್ಕೆ ನಿಮ್ಮದೇ, ಯಾರಾದರೂ ಕಿತ್ತುಕೊಳ್ಳುವಂಥ ತಪ್ಪು ಮಾಡದಿದ್ದರೆ. ಆದರೆ ಕೆಲಸ ಮಾಡಲು ನೋಂದಣಿ ಬೇಕು, ಅದು ಮೂರು ವರ್ಷಕ್ಕೊಮ್ಮೆ. ಮೂರು ವರ್ಷಕ್ಕೆ ಥೆರಪಿಸ್ಟಿಗೆ 30 ಗಂಟೆ, ಟೆಕ್ನಿಷಿಯನ್‌ಗೆ 24. ಮೊದಲ ಮೂರು ವರ್ಷದ ಅವಧಿಗೆ ಹೊಸಬರಿಗೆ ಸಿಇ ವಿನಾಯಿತಿ ಇದೆ. ಸರ್ಟಿಫಿಕೇಟುಗಳನ್ನು 6 ವರ್ಷ ಇಟ್ಟುಕೊಂಡಿರಬೇಕು.

ಈ ಲೈಸೆನ್ಸ್ ಮತ್ತು ನೋಂದಣಿ ಅನ್ನುವ ಎರಡು ಪದ ನ್ಯೂಯಾರ್ಕಿಗೆ ಹೋದವರ ತಲೆ ಕೆಡಿಸುತ್ತದೆ. ನಮ್ಮ ಕಡೆ ಡ್ರೈವಿಂಗ್ ಲೈಸೆನ್ಸ್ ಮತ್ತು ಗಾಡಿಯ ಇನ್ಶೂರೆನ್ಸ್ ಇದ್ದ ಹಾಗೆ ಅಂದುಕೊಳ್ಳಿ. ಗಾಡಿ ಓಡಿಸಲು ಬರುತ್ತದೆ ಅನ್ನುವುದಕ್ಕೆ ಒಂದು ಕಾಗದ, ಇವತ್ತು ರಸ್ತೆಗೆ ಇಳಿಸಬಹುದು ಅನ್ನುವುದಕ್ಕೆ ಇನ್ನೊಂದು. ಮನೆಯಲ್ಲಿ ಕೂತಿದ್ದರೆ ಎರಡನೆಯದು ಬೇಡ, ಮೊದಲನೆಯದು ಎಲ್ಲೂ ಹೋಗುವುದಿಲ್ಲ.

ಒಹಾಯೊ ಬಗ್ಗೆ ಎರಡೇ ಮಾತು. ಅಲ್ಲೂ ಮೆಡಿಕಲ್ ಬೋರ್ಡೇ, ಅಲ್ಲೂ 2015ರಿಂದ ಹೊಸಬರಿಗೆ ಆರ್‌ಆರ್‌ಟಿ ಬೇಕು. ಸಿಇ ಎರಡು ವರ್ಷಕ್ಕೆ 20 ಗಂಟೆ, ಅದರಲ್ಲಿ 1 ಗಂಟೆ ಒಹಾಯೊ ಕಾನೂನು ಅಥವಾ ವೃತ್ತಿನೀತಿ.

ಹಾಗಾದರೆ ಫೀ?

ಲೆಕ್ಕ ಹಾಕಿ ನೋಡೋಣ. ನಾನು ಬರೆದಾಗ ಟಿಎಂಸಿಗೆ 190 ಡಾಲರ್, ಸಿಎಸ್‌ಇಗೆ 200. ಕ್ಯಾಲಿಫೋರ್ನಿಯಾದ ಅರ್ಜಿ ಮತ್ತು ಬೆರಳಚ್ಚು 349. ಒಟ್ಟು 739. ಇದರಲ್ಲಿ 390 ಯಾವ ರಾಜ್ಯಕ್ಕೆ ಹೋದರೂ ಕಟ್ಟಲೇಬೇಕು, ಆರ್‌ಆರ್‌ಟಿ ಬೇಕು ಅಂದರೆ. ಉಳಿದದ್ದರಲ್ಲಿ ಒಂದು ರಾಜ್ಯ ನೂರೋ ನೂರೈವತ್ತೋ ಕಮ್ಮಿ ತೆಗೆದುಕೊಂಡರೆ ಏನು ಮಹಾ ವ್ಯತ್ಯಾಸ?

ಈ ಕೆಲಸದ ಮಧ್ಯದ ಸಂಬಳ ದೇಶದಲ್ಲಿ ವರ್ಷಕ್ಕೆ ಸುಮಾರು 80 ಸಾವಿರ ಡಾಲರ್. ಒಂದು 12 ಗಂಟೆಯ ಶಿಫ್ಟಿಗೆ ನಾನೂರಕ್ಕಿಂತ ಮೇಲೆ. ಅಂದರೆ ಎರಡು ವರ್ಷದ ರಿನ್ಯೂವಲ್ ಫೀ ಒಂದು ಶಿಫ್ಟಿನ ಸಂಬಳಕ್ಕಿಂತ ಕಮ್ಮಿ, ಅದೂ ಎಲ್ಲಕ್ಕಿಂತ ದುಬಾರಿ ಅನ್ನಿಸುವ ಕ್ಯಾಲಿಫೋರ್ನಿಯಾದಲ್ಲೇ. ಕ್ಯಾಲಿಫೋರ್ನಿಯಾದಲ್ಲಿ ಸಂಬಳ ಜಾಸ್ತಿ, ಮನೆ ಬಾಡಿಗೆ ಅದಕ್ಕಿಂತ ಜಾಸ್ತಿ, ಮೇಲೆ ರಾಜ್ಯದ ಆದಾಯ ತೆರಿಗೆ. ಟೆಕ್ಸಾಸಿನಲ್ಲೂ ಫ್ಲೋರಿಡಾದಲ್ಲೂ ರಾಜ್ಯದ ಆದಾಯ ತೆರಿಗೆ ಇಲ್ಲ. ದುಡ್ಡಿನ ಲೆಕ್ಕ ಹಾಕುವುದಿದ್ದರೆ ಅಲ್ಲಿ ಹಾಕಿ. ಲೈಸೆನ್ಸ್ ಫೀ ನೋಡಿ ರಾಜ್ಯ ಆರಿಸುವುದು ಚಪ್ಪಲಿ ಅಗ್ಗ ಅಂತ ಊರು ಬದಲಿಸಿದ ಹಾಗೆ.

ಕಣ್ಣಿಗೆ ಬೀಳದ ಖರ್ಚು ಬೇರೆ ಇದೆ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದಾಗ ನೀವು ಹಿಂದೆ ಲೈಸೆನ್ಸ್ ತೆಗೆದುಕೊಂಡ ಪ್ರತಿ ರಾಜ್ಯದಿಂದಲೂ "ಇವರ ಮೇಲೆ ದೂರಿಲ್ಲ" ಅಂತ ಪರಿಶೀಲನಾ ಪತ್ರ ತರಿಸಬೇಕು, ಅವಧಿ ಮುಗಿದು ಮೂಲೆಗೆ ಬಿದ್ದ ಲೈಸೆನ್ಸಿನದ್ದೂ ಕೂಡ. ಅದಕ್ಕೆ ಹಲವು ಕಡೆ ಫೀ ಇದೆ, ಫೀಗಿಂತ ಜಾಸ್ತಿ ಕಾಯುವ ಕಾಟ ಇದೆ. ಹದಿಮೂರು ವಾರದ ಟ್ರಾವೆಲ್ ಕಾಂಟ್ರಾಕ್ಟ್ ಮೇಲೆ ಊರೂರು ಸುತ್ತುವವರು ಇದನ್ನು ಏಜೆನ್ಸಿ ಕೈಯಿಂದಲೇ ಕಟ್ಟಿಸಿಕೊಳ್ಳಿ, ಕಾಂಟ್ರಾಕ್ಟ್ ಸಹಿ ಹಾಕುವ ಮೊದಲೇ ಮಾತಾಡಿ. ನರ್ಸುಗಳಿಗೆ ಇರುವ ಹಾಗೆ ನಮಗೂ, ಒಂದು ರಾಜ್ಯದ ಲೈಸೆನ್ಸ್ ಮೇಲೆ ಇನ್ನೊಂದರಲ್ಲೂ ಕೆಲಸ ಮಾಡಲು ಬಿಡುವ, ಹಲವು ರಾಜ್ಯಗಳ ಒಂದು ಒಪ್ಪಂದದ ಕರಡು ಸಿದ್ಧವಾಗಿ ರಾಜ್ಯಗಳ ಮುಂದೆ ಬಂದಿದೆ. ಒಪ್ಪಿಕೊಂಡ ರಾಜ್ಯಗಳಲ್ಲಿ ಮಾತ್ರ ಅದರ ಲಾಭ. ನೀವು ಹೋಗುವ ರಾಜ್ಯ ಆ ಪಟ್ಟಿಯಲ್ಲಿದೆಯಾ ಅಂತ ನೋಡಿಕೊಳ್ಳಿ.

ಇನ್ನು ಎನ್‌ಬಿಆರ್‌ಸಿ ಸರ್ಟಿಫಿಕೇಟಿಗೂ ಅದರದೇ ರಿನ್ಯೂವಲ್ ಇದೆ, 5 ವರ್ಷಕ್ಕೆ 30 ಗಂಟೆ. ಮೂರು ತಿಂಗಳಿಗೊಮ್ಮೆ ಅವರು ಕಳಿಸುವ ಸಣ್ಣ ಪ್ರಶ್ನಾವಳಿಗೆ ಚೆನ್ನಾಗಿ ಉತ್ತರ ಕೊಡುತ್ತಾ ಬಂದರೆ ಗಂಟೆಗಳು ಕಮ್ಮಿಯಾಗುತ್ತವೆ. ರಾಜ್ಯಕ್ಕೆ ಮಾಡಿದ ಸಿಇಯನ್ನೇ ಇಲ್ಲಿಗೂ ತೋರಿಸಬಹುದು. ಹಾಗಾಗಿ ರಾಜ್ಯದ ಗಂಟೆ 20 ಇರಲಿ 30 ಇರಲಿ, ದಿಗಿಲು ಬೀಳಬೇಡಿ. ನಾನು ತಿಂಗಳಿಗೆ ಒಂದೂವರೆ ಗಂಟೆ ಮಾಡುತ್ತೇನೆ, ಭಾನುವಾರ ಬೆಳಿಗ್ಗೆ ದೋಸೆ ಹಿಟ್ಟು ಹುದುಗುವವರೆಗೆ. ಎರಡು ವರ್ಷಕ್ಕೆ 36 ಆಯಿತು.

ವೀಸಾ ಮತ್ತು ನಂಬರ್

ಎಚ್-4ನಲ್ಲಿ, ಅಂದರೆ ಗಂಡನ ಕೆಲಸದ ವೀಸಾ ಜತೆಗೆ ಸಿಗುವ ವೀಸಾದಲ್ಲಿ, ಬಂದ ಹೆಣ್ಣುಮಕ್ಕಳು ನನಗೆ ಜಾಸ್ತಿ ಕೇಳುವುದು ಇದನ್ನೇ. ಸೋಷಿಯಲ್ ಸೆಕ್ಯೂರಿಟಿ ನಂಬರ್ ಇಲ್ಲದೆ ಲೈಸೆನ್ಸ್ ಸಿಗುತ್ತದಾ? ಕ್ಯಾಲಿಫೋರ್ನಿಯಾದಲ್ಲಿ 2014ರ ಒಂದು ಕಾನೂನಿನ ಪ್ರಕಾರ ಅದರ ಬದಲು ತೆರಿಗೆಗೆ ಕೊಡುವ ಐಟಿಐಎನ್ ನಂಬರ್ ಕೊಟ್ಟರೂ ನಡೆಯುತ್ತದೆ. ವೀಸಾ ಯಾವುದು ಅಂತ ನೋಡಿ ಲೈಸೆನ್ಸ್ ನಿರಾಕರಿಸುವಂತಿಲ್ಲ. ಬೇರೆ ರಾಜ್ಯಕ್ಕೆ ಅರ್ಜಿ ಹಾಕುವ ಮೊದಲು ಈ ಒಂದು ಪ್ರಶ್ನೆಯನ್ನು ಅಲ್ಲಿನ ಕಚೇರಿಗೆ ಇಮೇಲ್‌ನಲ್ಲಿ ಕೇಳಿ, ಉತ್ತರ ಲಿಖಿತವಾಗಿ ಇರಲಿ.

ಆದರೆ ಲೈಸೆನ್ಸ್ ಬಂದರೆ ಕೆಲಸ ಮಾಡಬಹುದು ಅಂತಲ್ಲ. ಕೆಲಸ ಮಾಡುವ ಅನುಮತಿ ಕೊಡುವುದು ಕೇಂದ್ರ ಸರ್ಕಾರ. ಗಂಡನ ಗ್ರೀನ್ ಕಾರ್ಡಿಗೆ ಹಾಕುವ ಐ-140 ಅರ್ಜಿ ಒಪ್ಪಿಗೆಯಾಗಿದ್ದರೆ ಎಚ್-4ನವರಿಗೆ ಕೆಲಸದ ಕಾರ್ಡ್ ಸಿಗುವ ನಿಯಮ 2015ರಿಂದ ಇದೆ. ಕಾರ್ಡ್ ಇನ್ನೂ ಬಂದಿಲ್ಲ ಅಂದರೆ ಲೈಸೆನ್ಸಿಗೆ ಆತುರಪಡಬೇಡಿ, ಎರಡು ವರ್ಷದ ಗಡಿಯಾರ ಸುಮ್ನೆ ಓಡುತ್ತಿರುತ್ತದೆ. ಪರೀಕ್ಷೆ ಮಾತ್ರ ಮುಗಿಸಿಟ್ಟುಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದರೆ

ಎಲ್ಲಿ ಇರುತ್ತೀರಿ ಅಂತ ಗೊತ್ತಿಲ್ಲದಿದ್ದರೆ ರಾಜ್ಯದ ಚಿಂತೆ ಬಿಟ್ಟು ಆರ್‌ಆರ್‌ಟಿ ಮುಗಿಸಿ. ಅದೊಂದು ಕೈಯಲ್ಲಿದ್ದರೆ ಕ್ಯಾಲಿಫೋರ್ನಿಯಾವೂ ಆಗುತ್ತದೆ, ಒಹಾಯೊನೂ ಆಗುತ್ತದೆ, ಟೆಕ್ಸಾಸಂತೂ ಆಗೇ ಆಗುತ್ತದೆ. ಸಿಆರ್‌ಟಿ ಮೇಲೆ ಟೆಕ್ಸಾಸಿನಲ್ಲಿ ಆರಾಮಾಗಿ ಕೂತು, ನಾಲ್ಕು ವರ್ಷದ ಮೇಲೆ ಗಂಡನಿಗೆ ಸ್ಯಾನ್ ಹೋಸೆಗೆ ವರ್ಗ ಆದಾಗ ಮತ್ತೆ ಟಿಎಂಸಿ ಪುಸ್ತಕ ಬಿಡಿಸಿ ಕೂತವರ ಮುಖ ನಾನು ನೋಡಿದ್ದೇನೆ.

ಸಿಎಸ್‌ಇ ಒಂದೆರಡು ಸಲ ಕೈಕೊಟ್ಟಿದೆ, ಮನೆ ನಡೆಯಬೇಕು, ಈಗಲೇ ದುಡಿಯಬೇಕು ಅನ್ನುವವರಿಗೆ ಟೆಕ್ಸಾಸ್ ಅಥವಾ ಫ್ಲೋರಿಡಾ. ಇದರಲ್ಲಿ ನಾಚಿಕೆ ಏನಿಲ್ಲ. ದುಡಿಯುತ್ತಾ ಓದಿ, ಮೂರು ವರ್ಷದ ಗೆರೆ ಮಾತ್ರ ಮರೆಯಬೇಡಿ. ಮಧ್ಯೆ ಮಧ್ಯೆ ಕೆಲಸ ಬಿಟ್ಟು ಊರಿಗೆ ಹೋಗಿ ಬರುವವರಿಗೆ ನ್ಯೂಯಾರ್ಕಿನ ಜೀವಮಾನದ ಲೈಸೆನ್ಸ್ ನಿಜಕ್ಕೂ ಒಳ್ಳೆಯದು. ಕ್ಯಾಲಿಫೋರ್ನಿಯಾ ಯಾರಿಗೆ ಅಂದರೆ, ಇಲ್ಲೇ ಬೇರು ಬಿಡುವವರಿಗೆ. ಒಮ್ಮೆ ಒಳಗೆ ಬಂದರೆ ಸಂಬಳ ಚೆನ್ನಾಗಿದೆ, ನಿಯಮಗಳು ಸ್ಪಷ್ಟವಾಗಿವೆ, ನಮ್ಮದೇ ಬೋರ್ಡ್ ಅನ್ನುವ ಸಮಾಧಾನವೂ ಇದೆ.

ಕೊನೆಯದಾಗಿ ಹೆಸರು. ಇದು ನಮ್ಮವರಿಗೇ ಇರುವ ತಲೆನೋವು, ಇಲ್ಲಿನ ಯಾವ ಕೈಪಿಡಿಯಲ್ಲೂ ಬರೆದಿರುವುದಿಲ್ಲ. ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್. ಮೊದಲನೆಯದು ಊರಿನದು, ಎರಡನೆಯದು ಅಪ್ಪನದು. ಪಾಸ್‌ಪೋರ್ಟ್ ಮಾಡಿಸುವಾಗ ಅದನ್ನು ಬಿಡಿಸಿ ಬರೆಯಿರಿ ಅಂದರು, ಬರೆದೆ. ಊರಿನ ಹೆಸರು ನನ್ನ ಸರ್‌ನೇಮ್ ಆಗಿ ಕೂತಿತು. ಮದುವೆಯಾದ ಮೇಲೆ ಗಂಡನ ಹೆಸರು ಸೇರಿತು. ಕಾಲೇಜಿನಲ್ಲಿ ಒಂದು ಹೆಸರು, ಎನ್‌ಬಿಆರ್‌ಸಿಯಲ್ಲಿ ಇನ್ನೊಂದು, ಡ್ರೈವಿಂಗ್ ಲೈಸೆನ್ಸಿನಲ್ಲಿ ಮತ್ತೊಂದು. ಪರೀಕ್ಷೆ ಕೇಂದ್ರದ ಬಾಗಿಲಲ್ಲಿ ನಿಂತವಳು ನನ್ನ ಎರಡು ಕಾರ್ಡ್ ಪಕ್ಕಪಕ್ಕ ಹಿಡಿದು ನೋಡಿದ ನೋಟ ಈಗಲೂ ನೆನಪಿದೆ. ಸರ್‌ನೇಮ್ ಇಲ್ಲದ ಒಂಟಿ ಹೆಸರಿನವರ ಪಾಡು ಇನ್ನೂ ಕಷ್ಟ. ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಅಂತ ಬಂದುಬಿಡುತ್ತದೆ, ಆಸ್ಪತ್ರೆಯಲ್ಲಿ "ಫ್ನು" ಅಂತ ಕರೆಯುವವರೂ ಇದ್ದಾರೆ. ಎನ್‌ಬಿಆರ್‌ಸಿಗೆ ಅರ್ಜಿ ಹಾಕುವ ಮೊದಲೇ ಒಂದು ಹೆಸರು ಗಟ್ಟಿ ಮಾಡಿಕೊಳ್ಳಿ. ಗುರುತಿನ ಚೀಟಿಯಲ್ಲಿ ಹೇಗಿದೆಯೋ ಹಾಗೇ, ಒಂದು ಅಕ್ಷರ ಆಚೀಚೆ ಇಲ್ಲದೆ, ಕಾಲೇಜು, ಪರೀಕ್ಷೆ, ರಾಜ್ಯ, ಎಲ್ಲ ಕಡೆ ಒಂದೇ.

ತಂಗಿಗೂ ಇದನ್ನೇ ಹೇಳಿದೆ. ಡಲ್ಲಾಸೋ ಸ್ಯಾನ್ ಹೋಸೆಯೋ ಆಮೇಲೆ ನೋಡೋಣ, ಮೊದಲು ನಿನ್ನ ಪಾಸ್‌ಪೋರ್ಟ್, ಕಾಲೇಜು ಐಡಿ, ಡ್ರೈವಿಂಗ್ ಲೈಸೆನ್ಸ್ ಮೂರರ ಫೋಟೊ ಕಳಿಸು ಅಂದೆ. ರಾತ್ರಿ ಕಳಿಸಿದಳು. ಮೂರು ಕಾರ್ಡ್, ಮೂರು ಹೆಸರು. ಕೆಳಗೆ ತಲೆ ಚಚ್ಚಿಕೊಳ್ಳುವ ಒಂದು ಇಮೋಜಿ.